15 ವಾಟ್ ಟ್ಯೂಬ್ ಆಂಪ್: ಮನೆಗೆ ಜಾಸ್ತಿ, ಡ್ರಮ್ಸ್ ಜೊತೆಗೆ ಕಮ್ಮಿ. ಬೇರೆ ತಗೊಳ್ಳಬೇಕಾ?

ನೀಲಿತಂತಿ:
ಎಲ್ಲರಿಗೂ ನಮಸ್ಕಾರ. ಇರೋದು 15 ವಾಟ್‌ನ ಟ್ಯೂಬ್ ಗಿಟಾರ್ ಕಾಂಬೊ, ಅಂದರೆ ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ. ಪವರ್‌ಗೆ ಎರಡು ಇಎಲ್84 ಟ್ಯೂಬ್, ಪ್ರೀಆಂಪ್‌ಗೆ ಮೂರು 12ಎಎಕ್ಸ್7, 12 ಇಂಚಿನ ಒಂದು 8 ಓಮ್ ಸ್ಪೀಕರ್. ಹಿಂದೆ ಎಫೆಕ್ಟ್ಸ್ ಲೂಪ್ (ಪ್ರೀಆಂಪ್ ಮತ್ತು ಪವರ್ ಆಂಪ್ ನಡುವೆ ಪೆಡಲ್ ಸೇರಿಸಲು ಸೆಂಡ್, ರಿಟರ್ನ್ ಎಂಬ ಎರಡು ಜ್ಯಾಕ್) ಕೂಡ ಇದೆ. ಮನೆಯಲ್ಲಿ ಮಾಸ್ಟರ್ 2 ದಾಟಿದರೆ ಪಕ್ಕದವರಿಗೆ ಕೇಳುತ್ತೆ, 1ರಲ್ಲಿಟ್ಟರೆ ಟೋನ್ ಸಪ್ಪೆ. ಐವತ್ತು ಅರವತ್ತು ಜನ ಕೂರುವ ಕೋಣೆಯಲ್ಲಿ ಡ್ರಮ್ಸ್ ಜೊತೆ ನುಡಿಸಿದರೆ ಕ್ಲೀನ್ ಉಳಿಯಲ್ಲ, ಒಡೆಯೋಕೆ ಶುರುವಾಗುತ್ತೆ. 30 ವಾಟ್ ಟ್ಯೂಬ್ ಒಳ್ಳೆಯದಾ, 50 ವಾಟ್ ಸಾಲಿಡ್ ಸ್ಟೇಟ್ (ಟ್ಯೂಬ್ ಬದಲು ಟ್ರಾನ್ಸಿಸ್ಟರ್‌ನದ್ದು) ಒಳ್ಳೆಯದಾ? ಜೊತೆಗೆ ಈಗ ಇನ್ನೊಂದು ತೊಂದರೆ. ನುಡಿಸುತ್ತಿರುವಾಗಲೇ ವಾಲ್ಯೂಮ್ ಅರ್ಧಕ್ಕೆ ಇಳಿಯುತ್ತೆ, ಜೋರಾಗಿ ಒಂದು ಕಾರ್ಡ್ ಹೊಡೆದರೆ ವಾಪಸ್ ಬರುತ್ತೆ. ಟ್ಯೂಬ್‌ಗಳನ್ನೆಲ್ಲ ಒಟ್ಟಿಗೇ ಬದಲಾಯಿಸಬೇಕಾ?

ಬೆಸುಗೆ:
ಮೊದಲು ತೊಂದರೆ ಸರಿಮಾಡಿ, ಆಮೇಲೆ ಹೊಸ ಆಂಪ್ ಯೋಚನೆ. ಜೋರಾಗಿ ಹೊಡೆದಾಗ ಸದ್ದು ವಾಪಸ್ ಬರುತ್ತಿದ್ದರೆ ಸಾಮಾನ್ಯವಾಗಿ ಅದು ಟ್ಯೂಬ್ ದೋಷ ಅಲ್ಲ, ಎಲ್ಲೋ ಒಂದು ಕಾಂಟ್ಯಾಕ್ಟ್ ಸರಿಯಾಗಿ ಕೂರುತ್ತಿಲ್ಲ. ಲೂಪ್ ಇರುವ ಆಂಪ್‌ನಲ್ಲಿ ಮೊದಲ ಅನುಮಾನ ರಿಟರ್ನ್ ಜ್ಯಾಕ್ ಮೇಲೆ. ಲೂಪ್ ಸಿಗ್ನಲ್ ದಾರಿಯಲ್ಲೇ ಇರುವ ಆಂಪ್‌ಗಳಲ್ಲಿ, ರಿಟರ್ನ್‌ಗೆ ಏನೂ ಚುಚ್ಚದಿದ್ದಾಗ ಜ್ಯಾಕ್ ಒಳಗಿನ ಒಂದು ಪುಟ್ಟ ತಗಡಿನ ಪಟ್ಟಿ ಇನ್ನೊಂದಕ್ಕೆ ತಾಗಿಕೊಂಡಿರುತ್ತೆ, ಗಿಟಾರ್‌ನ ಪೂರ್ತಿ ಸಿಗ್ನಲ್ ಅದರ ಮೂಲಕವೇ ಪವರ್ ಆಂಪ್‌ಗೆ ಹೋಗಬೇಕು. ಲೂಪ್ ಬಳಸದೆ ವರ್ಷಗಟ್ಟಲೆ ಬಿಟ್ಟರೆ ಆ ಪಟ್ಟಿ ಕಪ್ಪಾಗುತ್ತೆ. ಸಣ್ಣ ಸಿಗ್ನಲ್ ಆ ಪದರ ದಾಟಲ್ಲ, ದೊಡ್ಡದು ದಾಟುತ್ತೆ. ನಿಮಗೆ ಆಗುತ್ತಿರೋದು ಇದೇ ಅನ್ನಿಸುತ್ತೆ.

ಪರೀಕ್ಷೆ ಸುಲಭ. ಪೆಡಲ್‌ಗಳನ್ನೆಲ್ಲ ತೆಗೆದು, ಚೆನ್ನಾಗಿರುವ ಒಂದು ಕೇಬಲ್‌ನಲ್ಲಿ ಗಿಟಾರ್ ನೇರ ಆಂಪ್‌ಗೆ ಹಾಕಿ. ಸೆಂಡ್‌ನಿಂದ ರಿಟರ್ನ್‌ಗೆ ಒಂದು ಗಿಡ್ಡ ಪ್ಯಾಚ್ ಕೇಬಲ್ ಹಾಕಿ ನುಡಿಸಿ. ವಾಲ್ಯೂಮ್ ಸ್ಥಿರವಾಗಿ ನಿಂತರೆ ಕಳ್ಳ ಸಿಕ್ಕ. ಆಂಪ್ ಆಫ್ ಮಾಡಿ, ಪ್ಲಗ್ ಗೋಡೆಯಿಂದ ಕಿತ್ತು, ಒಂದು ಜ್ಯಾಕ್ ಪಿನ್ನಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಸಿಂಪಡಿಸಿ ರಿಟರ್ನ್‌ನಲ್ಲಿ ಇಪ್ಪತ್ತು ಸಲ ಒಳಗೆ ಹೊರಗೆ ಮಾಡಿ. ಹತ್ತು ನಿಮಿಷ ಆರಲು ಬಿಡಿ. ಡಬ್ಲ್ಯುಡಿ-40ಯ ಮಾಮೂಲಿ ನೀಲಿ ಡಬ್ಬಿ ಬೇಡ, ಅದು ಬಿಡುವ ಎಣ್ಣೆಯ ಪದರಕ್ಕೆ ಧೂಳು ಅಂಟುತ್ತೆ.

ಪ್ಯಾಚ್ ಹಾಕಿದರೂ ಇಳಿಯುತ್ತಿದ್ದರೆ ಇನ್‌ಪುಟ್ ಜ್ಯಾಕ್ ಅಲ್ಲಾಡಿಸಿ ನೋಡಿ. ಅದರ ನಟ್ಟು ಸಡಿಲವಾಗಿ ಜ್ಯಾಕ್ ತಿರುಗುತ್ತಾ ಇದ್ದರೆ, ಸರ್ಕ್ಯೂಟ್ ಬೋರ್ಡ್ ಮೇಲಿನ ಬೆಸುಗೆ ಬಿರುಕು ಬಿಟ್ಟಿರಬಹುದು. ಆಮೇಲೆ ಪ್ರೀಆಂಪ್ ಟ್ಯೂಬ್‌ಗಳನ್ನು ಪೆನ್ಸಿಲ್ ಹಿಂಬದಿಯಿಂದ ಮೆಲ್ಲಗೆ ಒಂದೊಂದಾಗಿ ತಟ್ಟಿ. ಎಲ್ಲವೂ ಸ್ಪೀಕರ್‌ನಲ್ಲಿ ಸ್ವಲ್ಪ ಟಕ್ ಅನ್ನುತ್ತವೆ, ಅದು ಸಹಜ. ಗಂಟೆ ಹೊಡೆದ ಹಾಗೆ ಗುಂಯ್ ಎಂದು ಎಳೆದರೆ ಅಥವಾ ಚರಚರ ಅಂದರೆ ಆ ಒಂದನ್ನು ಬದಲಾಯಿಸಿ. 12ಎಎಕ್ಸ್7ಗೆ ಬಯಾಸ್ (ಟ್ಯೂಬ್‌ನಲ್ಲಿ ಸದಾ ಹರಿಯುವ ಕರೆಂಟ್‌ನ ಮಟ್ಟ) ಹೊಂದಿಸಬೇಕಿಲ್ಲ, ಆಂಪ್ ತಣ್ಣಗಾದ ಮೇಲೆ ನೇರ ಎಳೆದು ಹೊಸದು ಹಾಕಬಹುದು. ಪವರ್ ಟ್ಯೂಬ್ ಮಾತ್ರ ಮ್ಯಾಚ್ ಆದ ಜೋಡಿಯಾಗಿಯೇ ಹಾಕಬೇಕು, ಫಿಕ್ಸೆಡ್ ಬಯಾಸ್ (ಬಯಾಸ್ ತಾನಾಗಿ ಹೊಂದಿಕೊಳ್ಳದ) ಆಂಪ್ ಆದರೆ ಬಯಾಸ್ ಅಳೆಸಲೇಬೇಕು.

ದಯವಿಟ್ಟು ಷಾಸಿ (ಸರ್ಕ್ಯೂಟ್ ಕೂರಿಸಿರುವ ಲೋಹದ ಪೆಟ್ಟಿಗೆ) ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು. ಡಿಸ್ಚಾರ್ಜ್ ಮಾಡಿ, ಮೀಟರ್‌ನಲ್ಲಿ ಅಳೆದು ಖಚಿತ ಮಾಡಿಕೊಳ್ಳಲು ಗೊತ್ತಿಲ್ಲದವರು ಒಳಗೆ ಕೈ ಹಾಕಲೇಬಾರದು. ಪ್ರಾಣದ ಪ್ರಶ್ನೆ.

ಹನ್ನೆರಡಿಂಚು:
ಖರೀದಿಯ ಪ್ರಶ್ನೆಗೆ ಬರ್ತೀನಿ. ವಾಟ್ ನೋಡಿ ಆಂಪ್ ಆರಿಸುವುದೇ ತಪ್ಪು ದಾರಿ. ಪವರ್ ಎರಡರಷ್ಟಾದರೆ ಸಿಗೋದು 3 ಡೆಸಿಬಲ್ ಮಾತ್ರ. ಕಿವಿಗೆ ಸದ್ದು ಎರಡರಷ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತುಪಟ್ಟು ಪವರ್ ಬೇಕು. 15ರಿಂದ 30ಕ್ಕೆ ಹೋದರೆ ಕ್ಲೀನ್ ಸ್ವಲ್ಪ ಹೆಚ್ಚು ಹೊತ್ತು ತಡೆಯುತ್ತೆ, ಅಷ್ಟೇ. ಮನೆಯಲ್ಲಿರುವ ತೊಂದರೆ ಹಾಗೇ ಉಳಿಯುತ್ತೆ.

ಅದೇ 3 ಡೆಸಿಬಲ್ ಸ್ಪೀಕರ್‌ನಿಂದಲೂ ಬರುತ್ತೆ. ಸ್ಪೀಕರ್ ವಿವರದಲ್ಲಿ ಸೆನ್ಸಿಟಿವಿಟಿ ಅಂತ ಒಂದು ಅಂಕಿ ಇರುತ್ತೆ, 1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದದ್ದು. ಸೆಲೆಷನ್ ಗ್ರೀನ್‌ಬ್ಯಾಕ್ 98, ಅದೇ ಕಂಪನಿಯ ವಿಂಟೇಜ್ 30ಯದು 100. ಈಗಿರುವ ಸ್ಪೀಕರ್ 97 ಇದ್ದು 100ರದ್ದು ಹಾಕಿದರೆ ಕಾರ್ಯಕ್ರಮದಲ್ಲಿ ಅದು 30 ವಾಟ್ ಆಂಪ್ ತಂದ ಹಾಗೆಯೇ. ಹಾಕುವಾಗ ಓಮ್ ಅದೇ 8 ಇರಲಿ, ತಾಳುವ ವಾಟ್ ಆಂಪ್‌ನ ಎರಡರಷ್ಟಾದರೂ ಇರಲಿ, ಏಕೆಂದರೆ ಡಿಸ್ಟಾರ್ಷನ್‌ಗೆ ಹೋದ ಆಂಪ್ ಬರೆದ ವಾಟ್‌ಗಿಂತ ಹೆಚ್ಚು ಉಗುಳುತ್ತೆ. ಹಳೆಯ ಸ್ಪೀಕರ್‌ನ ಎರಡು ವೈರ್ ಬಿಡಿಸುವ ಮೊದಲು ಪ್ಲಸ್ ಯಾವುದು ಅಂತ ಗುರುತು ಹಾಕಿಕೊಳ್ಳಿ.

ಇನ್ನು ಸೆಟ್ಟಿಂಗ್. ಡ್ರಮ್ಸ್ ಜೊತೆ ಕ್ಲೀನ್ ಬೇಕಾದರೆ ಗೇನ್ ಇಳಿಸಿ, ಮಾಸ್ಟರ್ ಏರಿಸಿ, ಬಾಸ್ ನಾಬ್ 3ಕ್ಕೆ ತನ್ನಿ. ಪವರ್ ತಿನ್ನೋದು ತಗ್ಗು ಸ್ವರಗಳೇ, ಆ ಜಾಗ ಹೇಗೂ ಬಾಸ್ ಗಿಟಾರ್ ಮತ್ತು ಕಿಕ್ ಡ್ರಮ್‌ನದ್ದು. ಮಿಡ್ (ನಡುವಿನ ಸ್ವರಗಳು) ಏರಿಸಿ. ಮನೆಯಲ್ಲಿ ಮಿಡ್ ಕಡಿಮೆ ಮಾಡಿ ಹೊಂದಿಸಿದ ಟೋನ್ ಬ್ಯಾಂಡ್ ನಡುವೆ ಮಾಯವಾಗೋಕೂ ಕಾರಣವಿದೆ. ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ತಗ್ಗು ಮತ್ತು ತುದಿಯ ಸ್ವರಗಳು ಕಮ್ಮಿ ಕೇಳಿಸುತ್ತವೆ, ಅದಕ್ಕೇ ನಾವು ಅವನ್ನು ಏರಿಸಿ ಇಟ್ಟಿರುತ್ತೇವೆ. ವಾಲ್ಯೂಮ್ ಏರಿದ ಕೂಡಲೇ ಅವೇ ಅತಿಯಾಗುತ್ತವೆ. ನಿಮ್ಮ 1ರ ಮಾಸ್ಟರ್‌ನ ಸಪ್ಪೆತನದಲ್ಲೂ ಇದರ ಪಾಲಿದೆ.

ರಾತ್ರಿಪಾಠ:
ಮನೆಯ ಬಗ್ಗೆ ನನ್ನ ಸ್ಪಷ್ಟ ಅಭಿಪ್ರಾಯ: ಒಂದೇ ಟ್ಯೂಬ್ ಆಂಪ್‌ನಿಂದ ರಾತ್ರಿ ಅಭ್ಯಾಸವನ್ನೂ ಮಾಡಿಸಲು ಹೋಗಬೇಡಿ. ಹೆಡ್‌ಫೋನ್ ಔಟ್ ಇರುವ ಪುಟ್ಟ ಮಾಡೆಲಿಂಗ್ ಆಂಪ್ (ಬೇರೆ ಬೇರೆ ಆಂಪ್‌ಗಳ ಟೋನ್ ಡಿಜಿಟಲ್ ಆಗಿ ಅನುಕರಿಸುವಂಥದ್ದು) ಒಂದು ಸಾಕು, ಯಮಾಹಾದ ಟಿಎಚ್‌ಆರ್ ಬಗೆಯದ್ದು. ಒಂದೇ ಪೆಟ್ಟಿಗೆಯಲ್ಲಿ ಎರಡೂ ಬೇಕು ಅನ್ನುವವರಿಗೆ ಬಾಸ್ (Boss) ಕಂಪನಿಯ ಕಟಾನಾ 50 ಸರಿಹೊಂದುತ್ತೆ. 12 ಇಂಚಿನ ಸ್ಪೀಕರ್ ಇದೆ, ಪವರ್ ಅನ್ನು 50, 25, 0.5 ವಾಟ್‌ಗೆ ಬದಲಿಸಬಹುದು.

ಇರುವ ಆಂಪ್‌ನ ಟೋನ್ ಬಿಡಲಾರೆ ಅಂದರೆ ಆಂಪ್ ಮತ್ತು ಸ್ಪೀಕರ್ ನಡುವೆ ಅಟೆನ್ಯುಯೇಟರ್ (ಸ್ಪೀಕರ್‌ಗೆ ಹೋಗುವ ಪವರ್ ತಗ್ಗಿಸುವ ಪೆಟ್ಟಿಗೆ) ಹಾಕಿ. ಅದರ ಓಮ್ ಆಂಪ್‌ನ ಔಟ್‌ಪುಟ್ ಓಮ್‌ಗೆ ಸಮ ಇರಬೇಕು, ತಾಳುವ ವಾಟ್ ಆಂಪ್‌ನ ಎರಡರಷ್ಟಿರಬೇಕು. ಅದರಲ್ಲಿ ಪವರ್ ಶಾಖವಾಗಿ ಕರಗುತ್ತೆ, ಹಾಗಾಗಿ ಮೇಲೆ ಬಟ್ಟೆ, ಪುಸ್ತಕ ಇಡಬೇಡಿ.

ಒಂದು ಮಾತು ಎಷ್ಟು ಸಲ ಹೇಳಿದರೂ ಸಾಲದು. ಟ್ಯೂಬ್ ಆಂಪ್ ಅನ್ನು ಸ್ಪೀಕರ್ ಅಥವಾ ಲೋಡ್ ಇಲ್ಲದೆ ನುಡಿಸಬೇಡಿ. ಹೊರೆ ಇಲ್ಲದಿದ್ದಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ವಿಪರೀತ ಏರಿ ಒಳಗೇ ಕಿಡಿ ಹಾರುತ್ತೆ, ಟ್ರಾನ್ಸ್‌ಫಾರ್ಮರ್ ಅಥವಾ ಟ್ಯೂಬ್ ಸಾಕೆಟ್ ಸುಟ್ಟುಹೋಗುತ್ತೆ. ಸ್ಪೀಕರ್‌ಗೆ ಹೋಗುವ ವೈರ್ ಸ್ಪೀಕರ್ ಕೇಬಲ್ಲೇ ಆಗಿರಲಿ. ಗಿಟಾರ್ ಕೇಬಲ್ ನೋಡೋಕೆ ಹಾಗೇ ಇದ್ದರೂ ಒಳಗಿನ ತಂತಿ ಎಳೆಯಷ್ಟು ಸಣ್ಣದು, ಬಿಸಿಯಾಗಿ ಶಾರ್ಟ್ ಆಗಬಹುದು.

ನೀಲಿತಂತಿ:
ಬೆಸುಗೆ ಅವರೇ, ಪ್ಯಾಚ್ ಕೇಬಲ್ ಹಾಕಿದ ಮೇಲೆ ವಾಲ್ಯೂಮ್ ಇಳಿಯಲಿಲ್ಲ! ಜ್ಯಾಕ್ ಸ್ವಚ್ಛ ಮಾಡಿದ ಮೇಲೆ ಪ್ಯಾಚ್ ತೆಗೆದರೂ ಸರಿಯಿದೆ. ತುಂಬಾ ಧನ್ಯವಾದ. ಸ್ಪೀಕರ್ ಬದಲಿಸುವ ಬದಲು 12 ಇಂಚಿನ 8 ಓಮ್ ಎಕ್ಸ್‌ಟೆನ್ಷನ್ ಕ್ಯಾಬಿನೆಟ್ ಸೇರಿಸಬಹುದಾ? ಮತ್ತೆ, ಮಿಕ್ಸರ್‌ಗೆ ಲೈನ್ ಔಟ್ ಕೊಟ್ಟಾಗ ಒಂದು ಹಮ್ (ನಿಲ್ಲದೆ ಗುಂಗುಡುವ ಸದ್ದು) ಬರುತ್ತೆ, ಆಂಪ್ ಒಂದೇ ಇದ್ದಾಗ ಬರಲ್ಲ.

ಹನ್ನೆರಡಿಂಚು:
8 ಮತ್ತು 8 ಪ್ಯಾರಲಲ್ ಆದರೆ 4 ಓಮ್. ಆಂಪ್ ಹಿಂದೆ 4 ಓಮ್ ಔಟ್‌ಪುಟ್ ಅಥವಾ ಸ್ವಿಚ್ ಇದ್ದರೆ ಅದಕ್ಕೆ ಹಾಕಿ, ಎರಡೂ ಒಟ್ಟಿಗೆ ನುಡಿಸಿ. ಬರೀ 8 ಇದ್ದರೆ ಒಳಗಿನ ಸ್ಪೀಕರ್ ಬಿಡಿಸಿ ಕ್ಯಾಬಿನೆಟ್ ಒಂದನ್ನೇ ಬಳಸಿ. ಎರಡೂ ಬೇಕೇ ಬೇಕು ಅಂದರೆ ಎರಡೂ 16 ಓಮ್‌ನವು ಆಗಬೇಕು, ಪ್ಯಾರಲಲ್‌ನಲ್ಲಿ 8 ಆಗುತ್ತೆ. ಕ್ಯಾಬಿನೆಟ್ ಹೊರುವ ಮೊದಲು ಒಂದು ಕೆಲಸ ಮಾಡಿ. ಕಾಂಬೊವನ್ನು ನೆಲದಿಂದ ಎತ್ತಿ, ಓರೆ ಸ್ಟ್ಯಾಂಡ್ ಮೇಲೆ ನಿಮ್ಮ ಕಿವಿಯತ್ತ ತಿರುಗಿಸಿ. 12 ಇಂಚಿನ ಸ್ಪೀಕರ್ ತುದಿಯ ಸ್ವರಗಳನ್ನು ಟಾರ್ಚ್ ಬೆಳಕಿನಂತೆ ನೇರ ಮುಂದಕ್ಕೆ ಎಸೆಯುತ್ತೆ. ನೆಲದ ಮೇಲಿದ್ದರೆ ಅದು ನಿಮ್ಮ ಮೊಣಕಾಲಿಗೆ, ಮುಂದಿನ ಸಾಲಿನವರ ಮುಖಕ್ಕೆ. ನಿಮಗೆ ಕೇಳಲ್ಲ ಅಂತ ಏರಿಸುತ್ತೀರಿ, ಅವರಿಗೆ ಕಿವಿ ಚುಚ್ಚುತ್ತೆ.

ದೊಡ್ಡ ಕೋಣೆ ಆದರೆ ಸ್ಪೀಕರ್ ಎದುರು ಮೈಕ್ ಇಡುವುದೇ ದಾರಿ. ಶೂರ್ ಎಸ್‌ಎಂ57 ಥರದ್ದನ್ನು ಸ್ಪೀಕರ್ ಮುಂದಿನ ಬಟ್ಟೆಯಿಂದ ಎರಡು ಬೆರಳಷ್ಟು ದೂರದಲ್ಲಿ, ಸ್ಪೀಕರ್ ನಡುವಿನ ಉಬ್ಬಿದ ಮುಚ್ಚಳದ ಅಂಚು ಕೋನ್‌ಗೆ ಸೇರುವ ಕಡೆ ಇಟ್ಟು ಶುರುಮಾಡಿ. ಮಧ್ಯಕ್ಕೆ ಸರಿಸಿದರೆ ಸದ್ದು ಚೂಪಾಗುತ್ತೆ, ಹೊರಗೆ ಸರಿಸಿದರೆ ಮೆತ್ತಗಾಗುತ್ತೆ. ಆಮೇಲೆ 15 ವಾಟ್ ಕೂಡ ಹೆಚ್ಚೇ.

ಬೆಸುಗೆ:
ಮಿಕ್ಸರ್ ಸೇರಿಸಿದಾಗ ಮಾತ್ರ ಬರುವ ಹಮ್ ಸಾಮಾನ್ಯವಾಗಿ ಗ್ರೌಂಡ್ ಲೂಪ್, ಅಂದರೆ ಎರಡೂ ಸಾಧನಗಳ ಅರ್ಥ್ ಎರಡು ದಾರಿಯಲ್ಲಿ ಸೇರಿ ಆಗುವ ಸುತ್ತು. ಆಂಪ್ ಮತ್ತು ಮಿಕ್ಸರ್ ಎರಡಕ್ಕೂ ಒಂದೇ ಸಾಕೆಟ್ ಬೋರ್ಡ್‌ನಿಂದ ಕರೆಂಟ್ ತಗೊಳ್ಳಿ. ಹೋಗದಿದ್ದರೆ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಸಿಗ್ನಲ್ ಅನ್ನು ಮಿಕ್ಸರ್‌ಗೆ ಹೊಂದುವಂತೆ ಮಾಡುವ ಡಬ್ಬಿ) ಹಾಕಿ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಆಂಪ್ ಪ್ಲಗ್‌ನ ಅರ್ಥ್ ಪಿನ್ ತೆಗೆಯುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ. ಒಳಗೆ ಏನಾದರೂ ಶಾರ್ಟ್ ಆದರೆ ಗಿಟಾರ್ ತಂತಿಗಳಲ್ಲೇ ಕರೆಂಟ್ ಇರುತ್ತೆ.

ಮುಂದೆ ಎಂದಾದರೂ ಆಂಪ್ ಒಂದೇ ಹಮ್ ಮಾಡಿದರೆ, 50 ಹರ್ಟ್ಸ್ ಕರೆಂಟ್ ಇರುವ ಕಡೆ ಗಿಟಾರಿನಲ್ಲೇ ಪರೀಕ್ಷಿಸಬಹುದು. ಆರನೇ ತಂತಿಯ ಮೂರನೇ ಫ್ರೆಟ್ ಸ್ವರ 98 ಹರ್ಟ್ಸ್. ಹಮ್ ಹೆಚ್ಚುಕಮ್ಮಿ ಅದೇ ಸ್ವರದಲ್ಲಿದ್ದು, ಎಲ್ಲ ನಾಬ್ ಸೊನ್ನೆಗಿಳಿಸಿದರೂ ಹೋಗದಿದ್ದರೆ ಅದು 100 ಹರ್ಟ್ಸ್, ಮೊದಲ ಅನುಮಾನ ಹಳೆಯ ಫಿಲ್ಟರ್ ಕೆಪಾಸಿಟರ್ ಮೇಲೆ, ಆಮೇಲೆ ಜೋಡಿ ತಪ್ಪಿದ ಪವರ್ ಟ್ಯೂಬ್ ಮೇಲೆ. ಒಂದು ಸಪ್ತಕ ಕೆಳಗಿದ್ದರೆ 50 ಹರ್ಟ್ಸ್, ಗ್ರೌಂಡಿಂಗ್ ಅಥವಾ ಪ್ರೀಆಂಪ್ ಟ್ಯೂಬ್ ಕಡೆ ಹುಡುಕಿ.

ಕಾರ್ಯಕ್ರಮಕ್ಕೆ ಹೋಗುವಾಗ ಚೀಲದಲ್ಲಿ ಒಂದು 12ಎಎಕ್ಸ್7, ಒಂದು ಸ್ಪೀಕರ್ ಕೇಬಲ್, ಆ ಪ್ಯಾಚ್ ಕೇಬಲ್, ಮತ್ತು ಹಿಂಬದಿಯಲ್ಲಿ ಬರೆದ ಅದೇ ಅಳತೆಯ ಎರಡು ಫ್ಯೂಸ್ ಇರಲಿ. ಟಿ ಅಂತ ಬರೆದಿದ್ದರೆ ಸ್ಲೋ ಬ್ಲೋ. ಫ್ಯೂಸ್ ಹಾರಿದರೆ ಒಂದು ಸಲ ಬದಲಾಯಿಸಿ, ಪವರ್ ಟ್ಯೂಬ್ ಒಳಗಿನ ಬೂದು ತಗಡು ಕೆಂಪಗೆ ಕಾಯುತ್ತಿದೆಯಾ ನೋಡಿ. ಗಾಜಿನ ಮೇಲಿನ ನೀಲಿ ಹೊಳಪು ಸಹಜ, ತಗಡು ಕೆಂಪಾದರೆ ಆ ಕ್ಷಣವೇ ಆಫ್. ಎರಡನೇ ಫ್ಯೂಸೂ ಹಾರಿದರೆ ಮೂರನೆಯದು ಹಾಕಬೇಡಿ, ದೊಡ್ಡ ಅಳತೆಯದ್ದಂತೂ ಬೇಡವೇ ಬೇಡ. ಗಿಟಾರನ್ನು ಡಿಐ ಮೂಲಕ ಮಿಕ್ಸರ್‌ಗೆ ಕೊಟ್ಟು ಆ ದಿನ ಮುಗಿಸಿ, ಆಂಪ್ ರಿಪೇರಿಗೆ ಕೊಡಿ.