ರಿಕಂಬೆಂಟ್ ಟ್ರೈಕ್: 170ರ ಕ್ರ್ಯಾಂಕ್ ಬಿಟ್ಟು 160ಕ್ಕೆ ಇಳಿಯಬೇಕೇ, 150ಕ್ಕೇ?

ಪ್ರಶ್ನೆ
ಒರಗಿ ಕೂತು, ಕಾಲು ಮುಂದೆ ಚಾಚಿ ತುಳಿಯುವ (ರಿಕಂಬೆಂಟ್) ಟ್ರೈಕ್; ಮುಂದೆ ಎರಡು, ಹಿಂದೆ ಒಂದು ಚಕ್ರ. ಹಿಂಚಕ್ರ 26 ಇಂಚು, ಕ್ರ್ಯಾಂಕ್ (ಪೆಡಲ್ ಹಿಡಿದಿರುವ ತೋಳು) 170 ಮಿ.ಮೀ., ಚೈನ್‌ರಿಂಗ್ (ಪೆಡಲ್ ಕಡೆಯ ಹಲ್ಲುಚಕ್ರಗಳು) 52/39/30 ಹಲ್ಲು, ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳು) 11-34. ಕಾಲಿನ ಒಳ ಅಳತೆ 76 ಸೆಂ.ಮೀ. ಏರು ಹತ್ತಿದ ಮೇಲೆ ಮಂಡಿಚಿಪ್ಪಿನ ಸುತ್ತ ನೋವು. ಎಷ್ಟಕ್ಕೆ ಇಳಿಸಲಿ? ತುಳಿತದ ಬಲ ಕಡಿಮೆಯಾಗುತ್ತದೆಯೇ?

ಉತ್ತರ 1
ದುಡ್ಡು ಹಾಕುವ ಮೊದಲು ಬೂಮ್ ನೋಡಿ, ಅಂದರೆ ಕ್ರ್ಯಾಂಕನ್ನು ಮುಂದೆ ಹಿಡಿದಿರುವ, ಹಿಂದೆ ಮುಂದೆ ಸರಿಸಬಹುದಾದ ಕೊಳವೆ. ಅದು ಹತ್ತಿರವಿದ್ದರೆ ಯಾವ ಕ್ರ್ಯಾಂಕ್ ಹಾಕಿದರೂ ಮಂಡಿ ನೋಯುತ್ತದೆ. ಓಡಿಸುವಾಗಿನ ಶೂ ಹಾಕಿ, ಬೆನ್ನನ್ನು ಸೀಟಿಗೆ ಒತ್ತಿ ಕೂತು, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ನಿಧಾನವಾಗಿ ಹಿಮ್ಮುಖ ತಿರುಗಿಸಿ. ಪೆಡಲ್ ಅತಿ ದೂರಕ್ಕೆ ಹೋದಾಗ ಮಂಡಿ ನೆಟ್ಟಗಾಗಬೇಕು, ಸೊಂಟ ಮಾತ್ರ ಅಲ್ಲಾಡಕೂಡದು. ಸೊಂಟ ಜಗ್ಗಿತೋ, ಬೂಮ್ ದೂರವಾಗಿದೆ.

ಉತ್ತರ 2
ಬೂಮ್ ಸರಿಯಿದ್ದೂ ನೋವಿದ್ದರೆ 150 ಹಾಕಿ. ಮಾಮೂಲಿ ಸೈಕಲ್ಲಿನಲ್ಲಿ ಏರು ಬಂದರೆ ಎದ್ದು ನಿಂತು ಮೈಭಾರ ಹಾಕಬಹುದು. ಇಲ್ಲಿ ಸೀಟಿಗೆ ಬೆನ್ನು ಕೊಟ್ಟು ನೂಕಬೇಕು, ಬಾಗಿದ ಮಂಡಿಯೇ ಅಷ್ಟನ್ನೂ ಹೊರುತ್ತದೆ.

ಕ್ರ್ಯಾಂಕ್ 20 ಮಿ.ಮೀ. ಗಿಡ್ಡವಾದರೆ ಬೂಮನ್ನು 20 ಮಿ.ಮೀ. ಹೊರಕ್ಕೆ ಎಳೆಯುತ್ತೀರಿ. ಕಾಲು ಚಾಚುವ ದೂರ ಮೊದಲಿನಷ್ಟೇ, ಆದರೆ ಪೆಡಲ್ ಮೈಗೆ ಅತಿ ಹತ್ತಿರ ಬರುವ ಜಾಗ 40 ಮಿ.ಮೀ. ದೂರ ಸರಿಯುತ್ತದೆ. ಮಂಡಿಗೆ ಸಿಗುವ ಲಾಭವೆಲ್ಲ ಅಲ್ಲಿದೆ. 165ಕ್ಕೆ ಇಳಿದರೆ ಸಿಗುವುದು ಬರೀ 10.

ಬಲದ ಚಿಂತೆ ಬೇಡ. 2001ರಲ್ಲಿ ಮಾರ್ಟಿನ್ ಮತ್ತು ಸ್ಪಿರ್ಡುಸೊ 120ರಿಂದ 220 ಮಿ.ಮೀ.ವರೆಗಿನ ಐದು ಉದ್ದಗಳಲ್ಲಿ ಗರಿಷ್ಠ ಶಕ್ತಿ ಅಳೆದಾಗ, ಎಲ್ಲಕ್ಕಿಂತ ಹೆಚ್ಚು ಮತ್ತು ಕಡಿಮೆ ನಡುವೆ ಸುಮಾರು 4% ಅಂತರವಷ್ಟೇ ಕಂಡಿತ್ತು. ಅದು ನೇರ ಕೂತು ತುಳಿಯುವ ಯಂತ್ರದ ಮೇಲೆ, ಕೆಲವೇ ಸೆಕೆಂಡುಗಳ ಪರೀಕ್ಷೆ ಎಂಬುದೂ ನೆನಪಿರಲಿ. ನಿಮಿಷಕ್ಕೆ 80 ಸುತ್ತು ತುಳಿಯುವವರು 150ರಲ್ಲಿ 90ರ ಆಸುಪಾಸಿಗೆ ಹೋದರೆ ಪಾದದ ವೇಗ ಮೊದಲಿನಷ್ಟೇ.

ಉತ್ತರ 3
ಮೇಲಿನ ಮಾತು ಸರಿ, ಆದರೆ ಗೇರ್ ಬದಲಿಸದೆ 150 ಹಾಕಿದರೆ ಮಂಡಿಗೆ ಇನ್ನೂ ಕಷ್ಟ. ಅದೇ ಗೇರಿನಲ್ಲಿ ಪೆಡಲ್ ಮೇಲೆ 13% ಹೆಚ್ಚು ಒತ್ತಬೇಕಾಗುತ್ತದೆ. ಚಿಕ್ಕ ರಿಂಗ್ 30ರ ಬದಲು 26 ಹಾಕಿ. ಆಗ ದೊಡ್ಡದನ್ನು 52ರಲ್ಲೇ ಬಿಡಬೇಡಿ: ಹಿಂದಿನ ಡಿರೇಲರ್ (ಗೇರ್ ಬದಲಿಸಿ, ಚೈನಿನ ಸಡಿಲ ಎಳೆದಿಡುವ ಭಾಗ) ನುಂಗಬೇಕಾದ ವ್ಯತ್ಯಾಸ 45ರಿಂದ 49 ಹಲ್ಲಿಗೆ ಏರುತ್ತದೆ, ಮುಂದೆಯೂ ಹಿಂದೆಯೂ ಚಿಕ್ಕ ಹಲ್ಲುಚಕ್ರವಿರುವ ಚಿಕ್ಕ-ಚಿಕ್ಕ ಜೋಡಿಯಲ್ಲಿ ಚೈನ್ ಜೋಲುತ್ತದೆ. 48 ಹಾಕಿದರೆ ಮತ್ತೆ 45. ಮುಂದಿನ ಡಿರೇಲರನ್ನು ಸುಮಾರು 8 ಮಿ.ಮೀ. ರಿಂಗಿನ ಕಡೆಗೆ ಇಳಿಸಿ.

ಬೂಮ್ 20 ಮಿ.ಮೀ. ಮುಂದೆ ಹೋದರೆ ಚೈನ್ 40 ಮಿ.ಮೀ. ಬೇಡುತ್ತದೆ, 48ರ ರಿಂಗ್ ಅದರಲ್ಲಿ 25ರಷ್ಟು ಉಳಿಸುತ್ತದೆ. ದೊಡ್ಡ-ದೊಡ್ಡ ಜೋಡಿಗೆ ಹಾಕಿ ನೋಡಿ, ಬಿಗಿ ಅನ್ನಿಸಿದರೆ ಮಾತ್ರ ಎರಡು ಕೊಂಡಿ ಸೇರಿಸಿ. ಬೂಮ್ ಸಡಿಲಿಸುವ ಮುನ್ನ ಬೂಮ್ ಮತ್ತು ಫ್ರೇಮ್ ಎರಡರ ಮೇಲೂ ಹಾಯುವಂತೆ ಟೇಪಿನ ಗುರುತು ಹಾಕಿ. ಸ್ವಲ್ಪ ತಿರುಚಿಕೊಂಡರೂ ಪೆಡಲ್‌ಗಳು ಓರೆಯಾಗುತ್ತವೆ.

ಪ್ರಶ್ನೆ ಕೇಳಿದವರು
ಈಗಿರುವ ಕ್ರ್ಯಾಂಕಿಗೇ ಹೊಸ ತೂತು ಕೊರೆಸಬಹುದೇ?

ಉತ್ತರ 3
ಒಳಗೆ ಟೊಳ್ಳಾಗಿದ್ದರೆ ಖಂಡಿತ ಬೇಡ, ಮುರಿಯುತ್ತದೆ. ಗಟ್ಟಿ ಅಲ್ಯೂಮಿನಿಯಂ ಆಗಿದ್ದು, ತೂತಿನ ಸುತ್ತ ಸಾಕಷ್ಟು ಲೋಹ ಉಳಿಯುವುದಾದರೆ ಯಂತ್ರದಲ್ಲಿ ನೇರವಾಗಿ ಕೊರೆಸಬಹುದು. ಎರಡೂ ಕಡೆ 9/16 ಇಂಚು, ಇಂಚಿಗೆ 20ರ ಮರೆ (ಥ್ರೆಡ್). ಎಡಗಡೆಯದು ಉಲ್ಟಾ ಮರೆ, ಅದಕ್ಕೆ ಬೇರೆ ಟ್ಯಾಪ್ (ಮರೆ ಕೊರೆಯುವ ಉಪಕರಣ) ಬೇಕು. ಕ್ರ್ಯಾಂಕಿನ ಮೇಲೆ ಕಚ್ಚಿಸಿ ಉದ್ದ ಇಳಿಸುವ ಶಾರ್ಟ್‌ನರ್‌ಗಳೂ ಇವೆ, ಆದರೆ ಅವು ಪೆಡಲನ್ನು ಹೊರಕ್ಕೆ ತಳ್ಳುತ್ತವೆ. ಯಾವ ಉದ್ದ ಒಗ್ಗುತ್ತದೆಂದು ನೋಡಲು ಅವು ಸಾಕು.