ತ್ರೀಡಿ ಬುಟ್ಟಿ: ಫೋನಲ್ಲಿ ಸರಿ, ಕಣ್ಣಿಗೆ ಎಳೆದ ಹಾಗೆ. ಯಾಕೆ?

ಕಣದ_ಬಣ್ಣ, ವಿರಾಜಪೇಟೆ:
ನಾಲ್ಕು ದಿನ ಮಂಡಿಯೂರಿ ಮನೆ ಮುಂದಿನ ಕಾಫಿ ಕಣದ ನೆಲದ ಮೇಲೆ ಚಿತ್ರ ಬರೆದೆ, ಒಂದು ಜಾಗದಿಂದ ನೋಡಿದರೆ ಎದ್ದು ನಿಂತ ಹಾಗೆ ಕಾಣುವಂಥದ್ದು. 2 ಅಡಿ ಎತ್ತರದ ಬಿದಿರು ಬುಟ್ಟಿ, ತುಂಬಾ ಕಾಫಿ ಹಣ್ಣು. ಫೋನಲ್ಲಿ ನೋಡಿದರೆ ಎದ್ದು ನಿಂತಿದೆ. ಹೋಂಸ್ಟೇಗೆ ಬಂದವರು ಮಾತ್ರ "ಇದೇನು, ಕಂಬವಾ?" ಅಂದರು. ಲೆಕ್ಕ ಸರಿ ಇದೆ. ತಲೆ ಕೆಟ್ಟುಹೋಗಿದೆ.

ಸೋಮವಾರಪೇಟೆ_ಬ್ರಷ್:
ಎರಡು ಕಣ್ಣಿನ ತೊಂದರೆ. ಕ್ಯಾಮೆರಾಕ್ಕೆ ಒಂದೇ ಕಣ್ಣು. ನಮ್ಮ ಎರಡು ಕಣ್ಣು ಸೇರಿದರೆ ಹತ್ತಿರದ ನೆಲ ಚಪ್ಪಟೆ ಅಂತ ಗೊತ್ತಾಗಿಬಿಡುತ್ತದೆ. ಒಂದು ಮುಚ್ಚಿ ನೋಡಿ.

ಕಣದ_ಬಣ್ಣ:
ನೋಡಿದೆ. ಸ್ವಲ್ಪ ಎದ್ದಿತು. ಉದ್ದ ಹಾಗೇ ಇದೆ.

ಸೋಮವಾರಪೇಟೆ_ಬ್ರಷ್:
ಕಣ್ಣಿನದೇ. ಇನ್ನೂ ಹಿಂದೆ ನಿಂತು ನೋಡಿ.

ಗೋಣಿಕೊಪ್ಪ_ಲೆನ್ಸ್:
ಹಿಂದೆ ಹೋದರೆ ಚಿತ್ರದ ಲೆಕ್ಕವೇ ಕೆಡುತ್ತದಲ್ವಾ? ಫೋಟೋ ಫೋನಿನ 0.5ರಲ್ಲಿ, ಅಂದರೆ ವೈಡ್ ಲೆನ್ಸಿನಲ್ಲಿ ತೆಗೆದಿರಾ? ವೈಡಲ್ಲಿ ಎಲ್ಲಾ ಬೇರೆ ಥರ ಕಾಣುತ್ತದೆ.

ಸೋಮವಾರಪೇಟೆ_ಬ್ರಷ್:
ಲೆನ್ಸಿನಿಂದ ಪರ್ಸ್ಪೆಕ್ಟಿವ್ (ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಕಾಣುವ ಲೆಕ್ಕ) ಬದಲಾಗಲ್ಲ, ನಿಂತ ಜಾಗದಿಂದ ಬದಲಾಗುತ್ತದೆ. ಅದೇ ಜಾಗದ 0.5 ಫೋಟೋದ ನಡುಭಾಗ ಕತ್ತರಿಸಿ, ಮಾಮೂಲಿ 1ರ ಫೋಟೋದ ಪಕ್ಕ ಇಟ್ಟು ನೋಡಿ, ಎರಡೂ ಒಂದೇ ಥರ ಇರುತ್ತವೆ.

ಗೋಣಿಕೊಪ್ಪ_ಲೆನ್ಸ್:
ಕತ್ತರಿಸಿದರೆ ಕ್ಲಾರಿಟಿ ಎಲ್ಲಿ ಉಳಿಯುತ್ತೆ?

ಮಂಟಪ_ಲೈಟಿಂಗ್, ಮಡಿಕೇರಿ:
ದಸರಾ ಮಂಟಪಕ್ಕೆ ನಾವು 8 ಅಡಿ ಗಾಜನ್ನು 45 ಡಿಗ್ರಿ ವಾಲಿಸಿ, ಮರೆಯಲ್ಲಿಟ್ಟ ಬೊಂಬೆಗೆ ಲೈಟ್ ಬಿಟ್ಟು ಗಾಳಿಯಲ್ಲಿ ತೇಲಿಸಿದ್ದೆವು. 1862ರಲ್ಲಿ ಲಂಡನ್ನಿನಲ್ಲಿ ಪೆಪ್ಪರ್ ತೋರಿಸಿದ ದೆವ್ವದ ತಂತ್ರವೇ. ಜನ ತೀರಾ ಪಕ್ಕಕ್ಕೆ ಸರಿದರೆ ಬೊಂಬೆ ಗಾಜಿನ ಅಂಚಿನಲ್ಲಿ ಮರೆಯಾಗುತ್ತದೆ. ಅಣ್ಣಾ, ನಿಮ್ಮಲ್ಲಿ ಬಂದವರು ನಿಂತದ್ದು ಎಲ್ಲಿ?

ಕಣದ_ಬಣ್ಣ:
ಜಗಲಿಯಲ್ಲಿ, ಇನ್ನೆಲ್ಲಿ? ನಾನು ಅಳತೆ ಹಾಕಿದ್ದು, ಫೋಟೋ ತೆಗೆದದ್ದು ಅದರ ಬುಡದಲ್ಲಿ, ಕಣದಲ್ಲೇ ನಿಂತು. ಜಗಲಿ 2 ಅಡಿ ಎತ್ತರ.

ಮಂಟಪ_ಲೈಟಿಂಗ್:
ಅದನ್ನಲ್ವಾ ಮೊದಲು ಹೇಳಬೇಕಾದ್ದು! ಕಣದಲ್ಲಿ ನಿಂತವರ ಕಣ್ಣು 5 ಅಡಿ ಎತ್ತರ, ಬುಟ್ಟಿಯ ಬುಡ 10 ಅಡಿ ದೂರ ಅಂತ ಇಟ್ಟುಕೊಳ್ಳಿ. ಕಣ್ಣಿನಿಂದ ಬುಟ್ಟಿಯ ಬಾಯಿಗೆ ತಾಗಿಸಿದ ಗೆರೆ ನೆಲ ಮುಟ್ಟುವುದು 16 ಅಡಿ 8 ಇಂಚಿಗೆ. ಅಂದರೆ ಚಿತ್ರ 6 ಅಡಿ 8 ಇಂಚು ಉದ್ದ. ಜಗಲಿ ಹತ್ತಿದರೆ ಕಣ್ಣು 7 ಅಡಿಗೆ ಹೋಯಿತು. ಅಲ್ಲಿಂದ ಅದೇ ಚಿತ್ರ 2.8 ಅಡಿ ಎತ್ತರದ ಬುಟ್ಟಿಯಾಗಿ ಕಾಣುತ್ತದೆ. 7 ಅಡಿ ಕಣ್ಣಿಗೆ 4 ಅಡಿ ಉದ್ದ ಸಾಕಿತ್ತು.

ಸೋಮವಾರಪೇಟೆ_ಬ್ರಷ್:
ಒಪ್ಪಿದೆ. ರೋಮಿನ ಸಂತ ಇಗ್ನೇಷಿಯಸ್ ಚರ್ಚಿನಲ್ಲಿ ಚಿತ್ರಕಾರ ಪೊಜ್ಜೊ ಚಾವಣಿಯಲ್ಲಿ ಬರೆದ ಇಂಥದೇ ಚಿತ್ರಕ್ಕೂ ಹೀಗೇ, ಎಲ್ಲಿ ನಿಲ್ಲಬೇಕು ಅಂತ ನೆಲದಲ್ಲಿ ಒಂದು ಬಿಲ್ಲೆ ಕೂರಿಸಿದ್ದಾರೆ. ನೀವೂ ಗುರುತು ಹಾಕಿ. ಒಂದು ಕಣ್ಣು ಮುಚ್ಚಲು ಹೇಳುವುದನ್ನು ಮಾತ್ರ ಬಿಡಬೇಡಿ.

ಕಣದ_ಬಣ್ಣ:
ಈಗ ಟೇಪ್ ಹಿಡಿದೆ. ಅಜ್ಜಿ ಜಗಲಿಯಲ್ಲಿ ಮಣೆ ಮೇಲೆ ಕೂತರೆ ಅವರ ಕಣ್ಣು ಕಣದಿಂದ 4 ಅಡಿ 10 ಇಂಚು, ಹೆಚ್ಚುಕಡಿಮೆ ಕಣದಲ್ಲಿ ನಿಂತವರ ಕಣ್ಣಿನಷ್ಟೇ. ಅದಕ್ಕೇ ಅವರೊಬ್ಬರೇ ಮೊದಲ ದಿನದಿಂದ "ಹಣ್ಣು ಚೆಲ್ಲುತ್ತೆ, ಬುಟ್ಟಿ ಆಚೆ ಇಡು" ಅನ್ನುತ್ತಿದ್ದದ್ದು! ಜಗಲಿಯಲ್ಲಿ ಇನ್ನೂ ಮೂರು ಮಣೆ ಹಾಕುತ್ತೇನೆ.

ಗೋಣಿಕೊಪ್ಪ_ಲೆನ್ಸ್:
ಎನಾಮೆಲ್ ಬಣ್ಣವಾ? ಅದರ ಮೇಲೆ ಕಾಫಿ ಒಣಹಾಕಿದರೆ ವಾಸನೆ ಹಿಡಿಯಲ್ವಾ?