ಮೊದಲ ಮಿಗ್-21 ಮಾಡೆಲ್: ಬ್ರಷ್‌ನಲ್ಲಿ ಬಣ್ಣ ಸರಿಯಾಗಿ ಕೂರಬೇಕಾದರೆ ಏನು ಮಾಡಬೇಕು?

ವಿಜಯಪುರದಿಂದ ಪ್ರಶ್ನೆ:
1/72 ಅಳತೆಯ (ನಿಜವಾದದ್ದಕ್ಕಿಂತ 72 ಪಟ್ಟು ಚಿಕ್ಕದು) ಮಿಗ್-21 ಯುದ್ಧವಿಮಾನದ ಪ್ಲಾಸ್ಟಿಕ್ ಕಿಟ್ ತರಿಸಿದ್ದೇನೆ. ಇದೇ ಮೊದಲು. ಏರ್‌ಬ್ರಷ್ ಇಲ್ಲ, ಅಕ್ರಿಲಿಕ್ ಬಣ್ಣವನ್ನು ಬ್ರಷ್‌ನಲ್ಲೇ ಹಚ್ಚಬೇಕು. ಒಂದು ತುಂಡಿಗೆ ಹಚ್ಚಿ ನೋಡಿದರೆ ಗೆರೆಗೆರೆಯಾಗಿ ಕೂತಿದೆ. ಉಗುರು ತಾಗಿದರೆ ಸಿಪ್ಪೆಯೂ ಏಳುತ್ತಿದೆ. ಮಾಡಿದವರು ಯಾರಾದರೂ ಹೇಳ್ತೀರಾ?

ಬೆಳಗಾವಿಯಿಂದ:
ಸರ್, ಎರಡಕ್ಕೂ ಕಾರಣ ಬೇರೆ. ಸಿಪ್ಪೆ ಏಳುವುದು ಜಿಡ್ಡಿನಿಂದ. ಅಚ್ಚಿನಿಂದ ಸಲೀಸಾಗಿ ಬಿಡಲಿ ಅಂತ ಕಾರ್ಖಾನೆಯಲ್ಲಿ ಸವರಿದ್ದು ಸ್ವಲ್ಪ ಉಳಿದಿರುತ್ತದೆ, ಮೇಲೆ ನಮ್ಮ ಕೈಯೆಣ್ಣೆ ಬೇರೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಎಲ್ಲವನ್ನೂ ಹಳೆ ಟೂತ್‌ಬ್ರಷ್‌ನಿಂದ ತಿಕ್ಕಿ. ಬಿಸಿನೀರು ಬೇಡ, ತೆಳು ತುಂಡು ಸೊಟ್ಟಗಾಗುತ್ತದೆ. ಒಣಗಿದ ಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿಯಲು ಮೊದಲು ಬಳಿಯುವ ತಳಪದರ.

ಗೆರೆ ಬೀಳುವುದು ನಿಮ್ಮೂರಿನ ಬಿಸಿಲಿನಿಂದ. ಕಿಟ್ ಜೊತೆ ಬರುವ ಕಾಗದದಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟಿದಾಗ ಬಣ್ಣ ಸಮನಾಗಿ ಹರಡುವ ಮೊದಲೇ ಒಣಗುತ್ತದೆ. ಅದೇ ಜಾಗದಲ್ಲಿ ಇನ್ನೊಮ್ಮೆ ಬ್ರಷ್ ಎಳೆದರೆ ಅರ್ಧ ಒಣಗಿದ ಪದರ ಕಿತ್ತು ಬರುತ್ತದೆ. ನಸುಕಿನಲ್ಲಿ ಕೂತುಕೊಳ್ಳಿ, ಫ್ಯಾನ್ ಆಫ್ ಮಾಡಿ. ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಒದ್ದೆ ಟಿಶ್ಯೂ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ಕಲಸಿ. ಕೆಳಗಿನ ತೇವ ಹತ್ತಿ ಬಣ್ಣ ಬಹಳ ಹೊತ್ತು ಹಸಿಯಾಗಿ ಇರುತ್ತದೆ. ಬಣ್ಣ ನಿಧಾನ ಒಣಗಿಸುವ ಅಕ್ರಿಲಿಕ್ ರಿಟಾರ್ಡರ್ ಸಿಕ್ಕರೆ ಒಂದೇ ಹನಿ ಸಾಕು, ಜಾಸ್ತಿಯಾದರೆ ಅಂಟಂಟಾಗುತ್ತದೆ.

ಬಣ್ಣ ಹಾಲಿನಷ್ಟು ತೆಳುವಾಗಿರಲಿ. ಅಗಲದ ಚಪ್ಪಟೆ ಬ್ರಷ್ ತಗೊಳ್ಳಿ. ಮೊದಲ ಕೋಟ್ ನೋಡೋಕೆ ದರಿದ್ರವಾಗಿರುತ್ತದೆ, ಇರಲಿ ಬಿಡಿ. ಪೂರ್ತಿ ಒಣಗಿದ ಮೇಲೆ ಎರಡನೆಯದನ್ನು ಅಡ್ಡಕ್ಕೆ ಎಳೆಯಿರಿ, ಮೂರನೆಯದನ್ನು ಮತ್ತೆ ಉದ್ದಕ್ಕೆ. ಅವಸರಕ್ಕೆ ದಪ್ಪ ಬಳಿದರೆ ಏನಾಗುತ್ತದೆ ಲೆಕ್ಕ ಹಾಕಿ. ನಿಜವಾದ ಮಿಗ್-21ರ ರೆಕ್ಕೆಯ ತುದಿಯಿಂದ ತುದಿಗೆ 7.15 ಮೀಟರ್, ನಿಮ್ಮ ಮಾಡೆಲ್‌ನಲ್ಲಿ ಹತ್ತು ಸೆಂಟಿಮೀಟರ್ ಕೂಡ ಇಲ್ಲ. ಅದರ ಮೇಲೆ 0.1 ಮಿ.ಮೀ. ಬಣ್ಣ ಅಂದರೆ ನಿಜವಾದ ವಿಮಾನಕ್ಕೆ 7 ಮಿ.ಮೀ. ಮೆತ್ತಿದಂತೆ. ವಿಮಾನದ ತಗಡುಗಳ ಕೂಡುಗೆರೆ ತೋರಿಸುವ ಪ್ಯಾನಲ್ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ.

ಕೆಟ್ಟ ಬಣ್ಣ ತೆಗೆಯೋಕೆ ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಮುಟ್ಟಲೇಬೇಡಿ, ಪ್ಲಾಸ್ಟಿಕ್ಕೇ ಕರಗುತ್ತದೆ. ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಕೂಡ ಬೇಡ. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಅದನ್ನೂ ಮೊದಲು ತುಂಡುಗಳನ್ನು ಕತ್ತರಿಸಿ ತೆಗೆದ ಮೇಲೆ ಉಳಿಯುವ ಖಾಲಿ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಹಚ್ಚಿ ನೋಡಿ.

ನಮ್ಮ ಬೆಳಗಾವಿಯ ಗೋಳು ಉಲ್ಟಾ. ಜುಲೈ ಮಳೆಯಲ್ಲಿ ಸ್ಪ್ರೇ ಡಬ್ಬಿಯ ವಾರ್ನಿಷ್ ಹೊಡೆದರೆ ಗಾಳಿಯ ತೇವಕ್ಕೆ ಬೆಳ್ಳಗೆ ಮಬ್ಬು ಕೂರುತ್ತದೆ. ಹೊಳವಾಗುವವರೆಗೆ ಕಾಯಬೇಕು.

ಬಾಗಲಕೋಟೆಯಿಂದ:
ಬಣ್ಣಕ್ಕಿಂತ ಮೊದಲು ಜೋಡಣೆ ನೋಡ್ರಿ. ಮಿಗ್‌ನ ಒಡಲು ಎರಡು ಹೋಳು, ಕೂಡುಗೆರೆ ಬೆನ್ನು ಮತ್ತು ಹೊಟ್ಟೆಯ ಮೇಲೆ ಉದ್ದಕ್ಕೂ ಹೋಗುತ್ತದೆ. ತೆಳು ಪ್ಲಾಸ್ಟಿಕ್ ಸಿಮೆಂಟ್ (ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ಅಂಟು) ಸಂದಿಗೆ ಹಾಕಿ ಮೆಲ್ಲಗೆ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಸಣ್ಣ ಏರಿಯಂತೆ ಹೊರಗೆ ಬರುತ್ತದೆ. ಆಗಲೇ ಒರೆಸಬೇಡಿ. ಗಟ್ಟಿಯಾಗಲು ಬಿಟ್ಟು, ಬ್ಲೇಡಿನಿಂದ ಹೆರೆದು, ವಾಟರ್ ಪೇಪರ್ 400, 800, 1000 ಹೀಗೆ ನೀರು ಹಾಕಿ ಉಜ್ಜಿ. ಪುಟ್ಟಿ ಬೇಕೇ ಆಗದಿರಬಹುದು. ಅಂಟಿಸುವ ಮೊದಲು ಟೇಪ್ ಸುತ್ತಿ ಗಾಲಿಗಳ ಮೇಲೆ ನಿಲ್ಲಿಸಿ ನೋಡಿ. ಬಾಲ ನೆಲಕ್ಕೆ ಕೂತರೆ ಸೈಕಲ್ ಅಂಗಡಿಯ ಬೇರಿಂಗ್ ಗುಂಡುಗಳನ್ನು ಮೂತಿಯೊಳಗೆ ಎಂ-ಸೀಲ್‌ನಲ್ಲಿ ಕೂರಿಸಿ.

ಕಾಕ್‌ಪಿಟ್ ಗಾಜಿಗೆ ಮಾತ್ರ ಫೆವಿಕ್ವಿಕ್ ಬೇಡವೇ ಬೇಡ. ಅದರ ಹಬೆಗೆ ಗಾಜು ಮಂಜಾಗುತ್ತದೆ. ಬಿಳಿ ಫೆವಿಕಾಲ್ ಹಚ್ಚಿ, ಒಣಗಿದರೆ ಕಾಣುವುದಿಲ್ಲ.

ವಿಜಯಪುರದಿಂದ ಮತ್ತೆ:
ಥ್ಯಾಂಕ್ಸ್ ರೀ ಇಬ್ಬರಿಗೂ. ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಹಚ್ಚೋಕೆ ಬೋರಿನ ನೀರು ನಡೆಯುತ್ತಾ? ನಮ್ಮದು ಸವಳು.

ಬಾಗಲಕೋಟೆಯಿಂದ:
ನಡೆಯಲ್ಲ. ಸವಳು ಒಣಗಿದ ಮೇಲೆ ಡೆಕಾಲ್ ಸುತ್ತ ಬಿಳಿ ಕಲೆ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತನ್ನಿ. ಇನ್ನೊಂದು, ಮ್ಯಾಟ್ (ಹೊಳಪಿಲ್ಲದ) ಬಣ್ಣದ ಮೇಲೆ ನೇರ ಹಚ್ಚಬೇಡಿ. ಅದರ ತರಿಯಲ್ಲಿ ಗಾಳಿ ಸಿಕ್ಕಿ ಡೆಕಾಲ್ ಅಂಚು ಬೆಳ್ಳಗೆ ಮಿನುಗುತ್ತದೆ. ಮೊದಲು ಹೊಳಪಿನ (ಗ್ಲಾಸಿ) ವಾರ್ನಿಷ್, ಆಮೇಲೆ ಡೆಕಾಲ್, ಕೊನೆಗೆ ಮ್ಯಾಟ್ ವಾರ್ನಿಷ್.

ಬೆಳಗಾವಿಯಿಂದ:
ಬಣ್ಣ ಯಾವುದು ಅಂತ ಇನ್ನೂ ತೀರ್ಮಾನಿಸಿಲ್ಲ ಅಲ್ವಾ? ನಮ್ಮ ವಾಯುಪಡೆಯಲ್ಲಿ ಮಿಗ್-21 1963ರಿಂದ 2025ರವರೆಗೆ ಇತ್ತು, ಹಾಗಾಗಿ ಆಯ್ಕೆಗೆ ಬರವಿಲ್ಲ. ಬರೀ ಲೋಹದ ಬೆಳ್ಳಿ ಬಣ್ಣ ಮೊದಲ ಸಲಕ್ಕೆ ಬೇಡ. ಬ್ರಷ್‌ನಲ್ಲಿ ಅದು ಚೆನ್ನಾಗಿ ಬರಲ್ಲ, ಪ್ರತಿ ಗೀರೂ ಎದ್ದು ಕಾಣುತ್ತದೆ. 1971ರ ಯುದ್ಧದಲ್ಲಿ ಹಾರಿದ ಮಿಗ್-21 ಎಫ್‌ಎಲ್ ಮಾದರಿ ಆದರೆ ನಿಮಗೆ ಅನುಕೂಲ. ಲೋಹದ ಮೈ ಮರೆಮಾಚಲು ಆಗ ತರಾತುರಿಯಲ್ಲಿ ಹಸಿರು-ಕಂದು ಬಳಿದಿದ್ದರು, ಒಂದು ವಿಮಾನದಂತೆ ಇನ್ನೊಂದಿಲ್ಲ. ಬ್ರಷ್ ಗುರುತು ಅಲ್ಲಲ್ಲಿ ಉಳಿದರೂ ಯಾರೂ ಬೆರಳು ತೋರಿಸಲ್ಲ. ಆದರೆ ಕಿಟ್ ನಂತರ ಬಂದ ಮಿಗ್-21 ಬಿಸ್ ಮಾದರಿಯದಾಗಿದ್ದರೆ ಈ ಬಣ್ಣ ಹೊಂದುವುದಿಲ್ಲ, ಅದರ ಬೆನ್ನು ಹೆಚ್ಚು ಉಬ್ಬಿರುತ್ತದೆ. ಪೆಟ್ಟಿಗೆ ಮೇಲೆ ಏನು ಬರೆದಿದೆ ನೋಡಿ ಹೇಳಿ.